ಡಿಫೈ ಪ್ರೋಟೋಕಾಲ್‌ನ ಶುಲ್ಕ ತಾನಾಗಿ ಹಂಚಿಕೆಯಾಗುವಂತೆ ಮಾಡುವುದು: ಸಮಗ್ರ ಮಾರ್ಗದರ್ಶಿ

ಡಿಫೈ ಎಂದರೆ ಬ್ಯಾಂಕಿನಂಥ ಮಧ್ಯವರ್ತಿಯಿಲ್ಲದೆ ಬ್ಲಾಕ್‌ಚೈನ್ ಮೇಲೆ ಕೋಡ್‌ನಿಂದಲೇ ನಡೆಯುವ ಹಣಕಾಸು ಸೇವೆ. ಅದು ಬಳಕೆದಾರರಿಂದ ಪಡೆದ ಶುಲ್ಕದ ಹಂಚಿಕೆ ಎಂದ ಕೂಡಲೇ ಕೈ ಮೊದಲು ಬರೆಯುವುದು ಒಂದು ಲೂಪ್. ಸ್ಟೇಕ್ ಮಾಡಿದವರ (ತಮ್ಮ ಟೋಕನ್‌ಗಳನ್ನು, ಅಂದರೆ ಡಿಜಿಟಲ್ ನಾಣ್ಯಗಳನ್ನು, ಪ್ರೋಟೋಕಾಲ್‌ನಲ್ಲಿ ಇಟ್ಟವರ) ಪಟ್ಟಿ ಹಿಡಿದು, ಒಬ್ಬೊಬ್ಬರ ಪಾಲು ಲೆಕ್ಕ ಹಾಕಿ, ಸಾಲಾಗಿ ಟೋಕನ್ ಕಳಿಸಿಬಿಡುವುದು. ಪಟ್ಟಿಯಲ್ಲಿ ಇಪ್ಪತ್ತು ಜನ ಇರುವವರೆಗೆ ಇದು ಸೊಗಸಾಗಿ ಓಡುತ್ತದೆ. ಸಾವಿರ ದಾಟಿದ ಮೇಲೆ ನಿಂತುಹೋಗುತ್ತದೆ. ಆ ಟೋಕನ್ ಹಿಂದೆಂದೂ ಇಲ್ಲದ ವಿಳಾಸಕ್ಕೆ ಅದನ್ನು ಕಳಿಸಿದರೆ ಹೊಸ ಸ್ಟೋರೇಜ್ ಜಾಗ ತುಂಬುವುದಕ್ಕೇ 22,100 ಗ್ಯಾಸ್ (ಜಾಲದಲ್ಲಿ ಮಾಡುವ ಕೆಲಸದ ಖರ್ಚನ್ನು ಅಳೆಯುವ ಮಾನ) ಹೋಗುತ್ತದೆ. ಉಳಿದ ಖರ್ಚೆಲ್ಲ ಸೇರಿಸಿ ಒಬ್ಬರಿಗೆ 25ರಿಂದ 30 ಸಾವಿರ ಎಂದಿಟ್ಟುಕೊಳ್ಳಿ. ಸಾವಿರ ಜನಕ್ಕೆ ಸುಮಾರು ಮೂರು ಕೋಟಿ. ಎಥೀರಿಯಂ ಎಂಬ ಬ್ಲಾಕ್‌ಚೈನ್‌ನ ಒಂದು ಇಡೀ ಬ್ಲಾಕ್‌ನ (ವಹಿವಾಟುಗಳ ಒಂದು ಕಂತೆಯ) ಗ್ಯಾಸ್ ಮಿತಿ ವರ್ಷಗಟ್ಟಲೆ ಇದ್ದದ್ದೇ ಅಷ್ಟು. ಈಗ ಮಿತಿ ಏರಿದೆ ನಿಜ, ಆದರೆ ನಿಮ್ಮ ಪಟ್ಟಿಯೂ ಏರುತ್ತದೆ.

2016ರಲ್ಲಿ ಎಥೀರಿಯಂ ಮೇಲಿದ್ದ ಗವರ್ನ್‌ಮೆಂಟಲ್ ಎಂಬ ಪಾಂಜಿ ಆಟದಲ್ಲಿ ಸುಮಾರು 1,100 ಈಥರ್ (ಆ ಜಾಲದ ನಾಣ್ಯ) ಸಿಕ್ಕಿಹಾಕಿಕೊಂಡದ್ದು ಇದೇ ಕಾರಣಕ್ಕೆ. ಉದ್ದವಾಗಿ ಬೆಳೆದಿದ್ದ ಪಟ್ಟಿಯನ್ನು ಅಳಿಸಲು ಬೇಕಾದ ಗ್ಯಾಸ್ ಆಗಿನ ಬ್ಲಾಕ್ ಮಿತಿಯನ್ನೇ ಮೀರಿತ್ತು. ಲೂಪ್‌ಗೆ ಇನ್ನೊಂದು ರೋಗವೂ ಇದೆ. ಪಟ್ಟಿಯಲ್ಲಿರುವ ಒಂದೇ ಒಂದು ವಿಳಾಸವನ್ನು ಯುಎಸ್‌ಡಿಸಿ (ಡಾಲರ್‌ಗೆ ಸಮನಾಗಿ ನಡೆಯುವ ಟೋಕನ್) ನಿರ್ವಹಿಸುವವರು ಕಪ್ಪುಪಟ್ಟಿಗೆ ಹಾಕಿದ್ದರೆ ಅವರಿಗೆ ಕಳಿಸುವ ಹೆಜ್ಜೆ ವಿಫಲವಾಗುತ್ತದೆ, ಅದರ ಜೊತೆಗೆ ಇಡೀ ವಹಿವಾಟು ಹಿಂದಕ್ಕೆ ಸರಿಯುತ್ತದೆ. ಒಬ್ಬರಿಂದಾಗಿ ಯಾರಿಗೂ ಇಲ್ಲ.

ಹಾಗಾಗಿ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಕೋಡ್) ಹಣ ಹಂಚಲು ಹೋಗಬಾರದು, ಲೆಕ್ಕವನ್ನಷ್ಟೇ ಬರೆದಿಡಬೇಕು. ಹಣವನ್ನು ಅವರವರೇ ಬಂದು ಎತ್ತಿಕೊಳ್ಳಲಿ. ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಮೊದಲು ಕಾಗದದ ಮೇಲೆ

ಕೋಡ್ ಬರೆಯಲು ಕೂರುವ ಮುಂಚೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಶುಲ್ಕ ಯಾವ ಯಾವ ಟೋಕನ್‌ನಲ್ಲಿ ಬರುತ್ತದೆ? ಯಾವ ಟೋಕನ್‌ನಲ್ಲಿ ಕೊಡುತ್ತೀರಿ? ಯಾರಿಗೆ ಎಷ್ಟು ಪಾಲು? ಆ ಪಾಲನ್ನು ಬದಲಿಸುವ ಅಧಿಕಾರ ಯಾರದು, ಎಷ್ಟು ದಿನದ ಮುನ್ಸೂಚನೆಯ ಮೇಲೆ?

ಇಲ್ಲಿ ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ಶುಲ್ಕ ಹಲವು ಟೋಕನ್‌ಗಳಲ್ಲಿ ಬರುತ್ತದೆ, ಎಲ್ಲವೂ ಯುಎಸ್‌ಡಿಸಿ ಆಗುತ್ತದೆ, ಅದರಲ್ಲಿ 60% ಸ್ಟೇಕ್ ಮಾಡಿದವರಿಗೆ, 30% ಖಜಾನೆಗೆ, 10% ನಷ್ಟ ತುಂಬುವ ಮೀಸಲು ನಿಧಿಗೆ.

ಭಾಷೆ ಸೊಲಿಡಿಟಿ, ಆವೃತ್ತಿ 0.8 ಅಥವಾ ಅದರ ಮೇಲಿನದು. ಅಂಕೆ ತುಂಬಿ ಹರಿದರೆ ವಹಿವಾಟು ತಾನಾಗಿ ನಿಲ್ಲುವ ವ್ಯವಸ್ಥೆ ಬಂದದ್ದು ಆ ಆವೃತ್ತಿಯಿಂದ. ಟೋಕನ್ ಸಾಗಿಸಲು ಓಪನ್‌ಝೆಪೆಲಿನ್ ಎಂಬ ಸಿದ್ಧ ಕೋಡ್ ಸಂಗ್ರಹದ ಸೇಫ್‌ಇಆರ್‌ಸಿ20 ಬಳಸಿ. ಇದು ಸುಮ್ಮನೆ ಶಿಸ್ತಿಗಾಗಿ ಹೇಳುವ ಮಾತಲ್ಲ: ಎಥೀರಿಯಂ ಮುಖ್ಯಜಾಲದ ಯುಎಸ್‌ಡಿಟಿ (ಇದೂ ಡಾಲರ್ ಟೋಕನ್) ಟ್ರಾನ್ಸ್‌ಫರ್ ಮಾಡಿದಾಗ ಸರಿ-ತಪ್ಪು ಎಂಬ ಉತ್ತರವನ್ನೇ ಕೊಡುವುದಿಲ್ಲ. ಉತ್ತರಕ್ಕಾಗಿ ಕಾಯುವ ಸಾಮಾನ್ಯ ಕೋಡ್ ಅಲ್ಲೇ ಮುಗ್ಗರಿಸುತ್ತದೆ. ಪರೀಕ್ಷೆಗೆ ಫೌಂಡ್ರಿ ಎಂಬ ಉಪಕರಣ ಸಾಕು.

ಕೆಲಸವನ್ನು ಮೂರು ಕಾಂಟ್ರ್ಯಾಕ್ಟ್‌ಗಳಿಗೆ ಹಂಚಿ: ಶುಲ್ಕ ಕೂಡಿಹಾಕುವ ಸಂಗ್ರಾಹಕ, ಪಾಲು ಮಾಡುವ ವಿಭಾಜಕ, ಸ್ಟೇಕ್ ಇಟ್ಟುಕೊಳ್ಳುವ ಭಂಡಾರ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಗ್ಯಾಸ್ ಸ್ವಲ್ಪ ಉಳಿದೀತು. ಆದರೆ ಜನರ ಅಸಲು ಇರುವ ಕಾಂಟ್ರ್ಯಾಕ್ಟ್‌ಗೆ ಟೋಕನ್ ಮಾರುವ ಅಧಿಕಾರವನ್ನೂ ಕೊಟ್ಟಂತಾಗುತ್ತದೆ, ಆ ಉಳಿತಾಯ ಬೇಡ.

ಹೆಜ್ಜೆ 1: ಶುಲ್ಕ ಕೂಡಿಹಾಕುವುದು

ಪ್ರತಿ ವಿನಿಮಯದಲ್ಲೂ ಶುಲ್ಕವನ್ನು ಕೂಡಲೇ ಸಂಗ್ರಾಹಕಕ್ಕೆ ಕಳಿಸಿದರೆ ಬಳಕೆದಾರ ಪ್ರತಿ ಸಲ ಹೆಚ್ಚುವರಿ ಗ್ಯಾಸ್ ತೆರುತ್ತಾನೆ. ಟೋಕನ್ ವಿನಿಮಯದ ಪ್ರೋಟೋಕಾಲ್ ಆದ ಯೂನಿಸ್ವಾಪ್‌ನ ಎರಡನೇ ಆವೃತ್ತಿ ಇದಕ್ಕೆ ಕಂಡುಕೊಂಡ ದಾರಿ ಕಲಿಯುವಂಥದ್ದು. 0.30% ಶುಲ್ಕ ಪೂಲ್‌ನಲ್ಲೇ (ವಿನಿಮಯಕ್ಕೆಂದು ಜನ ಟೋಕನ್ ಕೂಡಿಟ್ಟ ಕೊಳದಲ್ಲೇ) ಉಳಿಯುತ್ತದೆ. ಪ್ರೋಟೋಕಾಲ್ ಪಾಲಿಗೆ ಚಾಲನೆ ಕೊಟ್ಟಿದ್ದರೆ ಅದರ ಆರನೇ ಒಂದು ಭಾಗ, ಅಂದರೆ 0.05%, ಯಾರಾದರೂ ಪೂಲ್‌ಗೆ ಹಣ ಹಾಕಿದಾಗ ಅಥವಾ ತೆಗೆದಾಗ ಮಾತ್ರ ಒಟ್ಟಾಗಿ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಪ್ರೋಟೋಕಾಲ್‌ನಲ್ಲೂ ‘ಬಾಕಿ ಶುಲ್ಕ’ ಎಂಬ ಒಂದು ಅಂಕೆಯನ್ನು ಪೂಲ್ ಒಳಗೇ ಏರಿಸುತ್ತಾ ಹೋಗಿ, ದಿನಕ್ಕೊಮ್ಮೆ ಸಂಗ್ರಾಹಕ ಬಂದು ಗುಡಿಸಿಕೊಂಡು ಹೋಗುವಂತೆ ಬರೆಯಿರಿ.

ಸಾಗಿಸುವಾಗಲೇ ಕಡಿತವಾಗುವ ಟೋಕನ್‌ಗಳಿವೆ. 100 ಕಳಿಸಿದರೆ 98 ತಲುಪುತ್ತದೆ. ಆದ್ದರಿಂದ ‘ಇಷ್ಟು ಕಳಿಸಿದರು’ ಎಂಬುದನ್ನು ನಂಬದೆ, ಸಾಗಣೆಯ ಮುಂಚೆ ಮತ್ತು ನಂತರ ಸಂಗ್ರಾಹಕದಲ್ಲಿದ್ದ ಮೊತ್ತಗಳ ವ್ಯತ್ಯಾಸವನ್ನೇ ಬಂದ ಮೊತ್ತ ಎಂದು ಹಿಡಿಯಿರಿ.

ಹೆಜ್ಜೆ 2: ಒಂದೇ ಟೋಕನ್‌ಗೆ ಪರಿವರ್ತನೆ

ಹಣ ಸೋರುವುದು ಹೆಚ್ಚಾಗಿ ಇಲ್ಲೇ. ಕಾಂಟ್ರ್ಯಾಕ್ಟ್ ಒಂದು ದೊಡ್ಡ ಮೊತ್ತವನ್ನು ಗೊತ್ತಾದ ಹೊತ್ತಿಗೆ, ಗೊತ್ತಾದ ಪೂಲ್‌ನಲ್ಲಿ ಮಾರುತ್ತದೆ ಎಂದರೆ ಕಾದು ಕುಳಿತ ಬಾಟ್‌ಗಳಿಗೆ (ತಾವಾಗಿ ವಹಿವಾಟು ನಡೆಸುವ ಪ್ರೋಗ್ರಾಂಗಳಿಗೆ) ಹಬ್ಬ. ಅವು ನಿಮ್ಮ ವಹಿವಾಟಿನ ಮುಂಚೆ ಒಂದು, ನಂತರ ಒಂದು ವಹಿವಾಟು ಇಟ್ಟು, ನಡುವೆ ನಿಮ್ಮನ್ನು ಕೆಟ್ಟ ಬೆಲೆಗೆ ಮಾರುವಂತೆ ಮಾಡಿ ವ್ಯತ್ಯಾಸ ಜೇಬಿಗಿಳಿಸುತ್ತವೆ. ಇದಕ್ಕೇ ಸ್ಯಾಂಡ್‌ವಿಚ್ ದಾಳಿ ಎನ್ನುವುದು.

ಕನಿಷ್ಠ ಸಿಗಬೇಕಾದ ಮೊತ್ತ ಎಂಬ ಜಾಗದಲ್ಲಿ ಸೊನ್ನೆ ಬರೆಯುವುದು ಎಲ್ಲರೂ ಬಲ್ಲ ತಪ್ಪು. ಇದಕ್ಕಿಂತ ನಯವಾದ ತಪ್ಪೊಂದಿದೆ: ಅದೇ ವಹಿವಾಟಿನ ಒಳಗೆ, ಅದೇ ಪೂಲ್‌ನಿಂದ ಬೆಲೆ ಕೇಳಿ, ಅದರಿಂದ 1% ಕಳೆದು ಕನಿಷ್ಠ ಮೊತ್ತ ಎಂದು ಕೊಡುವುದು. ನೋಡಲು ರಕ್ಷಣೆಯಂತಿದೆ. ಆದರೆ ದಾಳಿಕೋರ ಬೆಲೆಯನ್ನು ಆಗಲೇ ಕೆಡಿಸಿರುತ್ತಾನೆ, ನೀವು ಕೆಟ್ಟ ಬೆಲೆಯಿಂದ 1% ಕಳೆಯುತ್ತಿದ್ದೀರಿ. ಗಡುವಿನ ಜಾಗದಲ್ಲಿ ಸದ್ಯದ ಬ್ಲಾಕ್‌ನ ಸಮಯವನ್ನೇ ಕೊಡುವುದೂ ಹೀಗೆಯೇ, ಆ ಗಡುವು ಎಂದೂ ಮೀರುವುದಿಲ್ಲ.

ಬೆಲೆ ಪೂಲ್‌ನ ಹೊರಗಿನಿಂದ ಬರಬೇಕು. ಚೈನ್‌ಲಿಂಕ್‌ನಂಥ ಒರಾಕಲ್‌ನಿಂದ (ಹೊರಗಿನ ಬೆಲೆಯನ್ನು ಬ್ಲಾಕ್‌ಚೈನ್‌ಗೆ ತರುವ ಸೇವೆಯಿಂದ) ಬೆಲೆ ಓದಿ, ಅದು ಎಷ್ಟು ಹಳೆಯದು ಎಂದು ಪರೀಕ್ಷಿಸಿ. ಆ ಜೋಡಿಗೆ ಘೋಷಿಸಿರುವ ನವೀಕರಣ ಅವಧಿ ಮೀರಿದ್ದರೆ ಮಾರಾಟವನ್ನೇ ನಿಲ್ಲಿಸಿ. ಆಮೇಲೆ ದಶಮಾಂಶ ಹೊಂದಿಸಿ: ಡಾಲರ್ ಬೆಲೆಯ ಫೀಡ್‌ಗಳು ಸಾಮಾನ್ಯವಾಗಿ 8 ಸ್ಥಾನ, ಯುಎಸ್‌ಡಿಸಿ 6, ಡಾಯ್ (ಇನ್ನೊಂದು ಡಾಲರ್ ಟೋಕನ್) 18, ಡಬ್ಲ್ಯುಬಿಟಿಸಿ (ಎಥೀರಿಯಂ ಮೇಲಿನ ಬಿಟ್‌ಕಾಯಿನ್ ಟೋಕನ್) 8. ಇವನ್ನು ಊಹೆಯ ಮೇಲೆ ಬರೆಯದೆ ಟೋಕನ್‌ನಿಂದಲೇ ಓದಿಕೊಳ್ಳಿ. ಹೀಗೆ ಬಂದ ನಿರೀಕ್ಷಿತ ಮೊತ್ತವನ್ನು 9,900ರಿಂದ ಗುಣಿಸಿ 10,000ದಿಂದ ಭಾಗಿಸಿದರೆ 1% ಸಡಿಲಿಕೆಯ ಕನಿಷ್ಠ ಮೊತ್ತ ಸಿಗುತ್ತದೆ.

ಒರಾಕಲ್ ಇಲ್ಲದ ಸಣ್ಣ ಟೋಕನ್‌ಗಳನ್ನು ಮಾರಲೇ ಹೋಗಬೇಡಿ. ಅವನ್ನು ಡಚ್ ಹರಾಜಿಗೆ ಇಡಿ: ಬೆಲೆ ಎತ್ತರದಿಂದ ಶುರುವಾಗಿ ನಿಧಾನಕ್ಕೆ ಇಳಿಯುತ್ತದೆ, ಯಾರಿಗೆ ಲಾಭ ಕಂಡಿತೋ ಅವರು ಯುಎಸ್‌ಡಿಸಿ ಕೊಟ್ಟು ಎತ್ತಿಕೊಂಡು ಹೋಗುತ್ತಾರೆ. ಬಾಟ್‌ಗಳು ಆಗ ನಿಮ್ಮ ವಿರುದ್ಧವಲ್ಲ, ತಮ್ಮತಮ್ಮಲ್ಲೇ ಪೈಪೋಟಿ ನಡೆಸುತ್ತವೆ. ಕೋಡ್ ಸ್ವಲ್ಪ ಹೆಚ್ಚು, ನಿದ್ದೆ ಚೆನ್ನ.

ಹೆಜ್ಜೆ 3: ಪಾಲು ಮಾಡುವುದು

ಪಾಲುಗಳನ್ನು ಬೇಸಿಸ್ ಪಾಯಿಂಟ್‌ನಲ್ಲಿ (1%ರ ನೂರನೇ ಒಂದು ಭಾಗ) ಇಡಿ: 6,000, 3,000, 1,000. ಮೂರೂ ಸೇರಿ 10,000 ಆಗದಿದ್ದರೆ ಬದಲಾವಣೆಯನ್ನು ಒಪ್ಪಲೇಬಾರದು. ಗುಣಾಕಾರ ಮೊದಲು, ಭಾಗಾಕಾರ ಆಮೇಲೆ. ಸೊಲಿಡಿಟಿಯಲ್ಲಿ ಭಾಗಿಸಿದ ಮೇಲೆ ಉಳಿದ ಚೂರು ಬಿದ್ದುಹೋಗುತ್ತದೆ.

ಆ ಚೂರು ಎಲ್ಲಿ ಹೋಗುತ್ತದೆ ನೋಡಿ. 9,999 ಘಟಕ (ಟೋಕನ್‌ನ ಅತಿ ಸಣ್ಣ ಅಳತೆ) ಬಂತು ಎನ್ನಿ. ಮೂರನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿದರೆ 5,999, 2,999, 999. ಕೂಡಿದರೆ 9,997. ಎರಡು ಘಟಕ ಕಾಂಟ್ರ್ಯಾಕ್ಟ್‌ನಲ್ಲೇ ಯಾರಿಗೂ ಸೇರದೆ ಉಳಿಯಿತು. ಮೊತ್ತ ಜುಜುಬಿ, ಆದರೆ ‘ಬಂದದ್ದು ಸಮ ಹೋದದ್ದು’ ಎಂಬ ಪರೀಕ್ಷೆ ಇನ್ನೆಂದೂ ಪಾಸಾಗುವುದಿಲ್ಲ. ಎರಡು ಪಾಲನ್ನು ಲೆಕ್ಕ ಹಾಕಿ, ಮೂರನೆಯದನ್ನು ಮೊತ್ತದಿಂದ ಕಳೆದು ಪಡೆಯಿರಿ. ಉಳಿಕೆ ಖಜಾನೆಗೆ ಹೋಗಲಿ.

ಹಳೆಯ ಪಾಠಗಳಲ್ಲಿ ಓಪನ್‌ಝೆಪೆಲಿನ್‌ನ ಪೇಮೆಂಟ್‌ಸ್ಪ್ಲಿಟರ್ ಬಳಸಿ ಎಂದಿರುತ್ತದೆ. 5.0 ಆವೃತ್ತಿಯಿಂದ ಅದನ್ನು ತೆಗೆದುಹಾಕಿದ್ದಾರೆ.

ಹೆಜ್ಜೆ 4: ಸೂಚ್ಯಂಕ

ಇದೇ ಯಂತ್ರದ ಹೃದಯ. ಸಿಂಥೆಟಿಕ್ಸ್‌ನ ಸ್ಟೇಕಿಂಗ್‌ರಿವಾರ್ಡ್ಸ್, ಸುಶಿಸ್ವಾಪ್‌ನ ಮಾಸ್ಟರ್‌ಶೆಫ್ ಎಂಬ ಹೆಸರುವಾಸಿ ಡಿಫೈ ಕಾಂಟ್ರ್ಯಾಕ್ಟ್‌ಗಳು, ಎರಡರಲ್ಲೂ ಓಡುವುದು ಈ ಲೆಕ್ಕವೇ. ಭಂಡಾರ ಒಂದೇ ಒಂದು ಅಂಕೆ ಇಟ್ಟುಕೊಳ್ಳುತ್ತದೆ: ಆರಂಭದಿಂದ ಈವರೆಗೆ ಪ್ರತಿ ಒಂದು ಪಾಲಿಗೆ (ಇಲ್ಲಿ ಪಾಲು ಎಂದರೆ ಸ್ಟೇಕ್ ಆದ ಟೋಕನ್) ಎಷ್ಟು ಶುಲ್ಕ ಬಂದಿದೆ. ಶುಲ್ಕ ಬಂದಾಗ ಮಾಡುವುದಿಷ್ಟು:

ಸೂಚ್ಯಂಕ = ಸೂಚ್ಯಂಕ + (ಬಂದ ಶುಲ್ಕ ÷ ಒಟ್ಟು ಪಾಲು)

ಪ್ರತಿಯೊಬ್ಬರ ಹೆಸರಿನ ಮುಂದೆ, ಅವರ ಲೆಕ್ಕ ಕೊನೆಯ ಸಲ ಚುಕ್ತಾ ಆದಾಗ ಸೂಚ್ಯಂಕ ಎಷ್ಟಿತ್ತು ಎಂಬ ಗುರುತು ಇರುತ್ತದೆ. ಅವರಿಗೆ ಬರಬೇಕಾದ್ದು:

ಬಾಕಿ = ಅವರ ಪಾಲು × (ಈಗಿನ ಸೂಚ್ಯಂಕ − ಅವರ ಗುರುತು)

‘ಅ’ 100, ‘ಬ’ 300 ಇಟ್ಟಿದ್ದಾರೆ. 40 ಯುಎಸ್‌ಡಿಸಿ ಬಂತು. 400ಕ್ಕೆ 40, ಸೂಚ್ಯಂಕ 0.1. ಈಗ ‘ಕ’ 400 ಇಟ್ಟು ಸೇರಿದರು, ಅವರ ಗುರುತು 0.1. ಮತ್ತೆ 80 ಬಂತು. 800ಕ್ಕೆ 80, ಸೂಚ್ಯಂಕ 0.2. ‘ಅ’ಗೆ 100 × 0.2 = 20. ‘ಬ’ಗೆ 300 × 0.2 = 60. ‘ಕ’ಗೆ 400 × 0.1 = 40. ಕೂಡಿದರೆ 120, ಬಂದದ್ದೂ 120. ಹತ್ತು ಜನರಿರಲಿ, ಹತ್ತು ಲಕ್ಷ ಇರಲಿ, ಶುಲ್ಕ ಬಂದಾಗಿನ ಖರ್ಚು ಒಂದೇ.

ನಿಯಮ ಒಂದೇ, ಆದರೆ ಕಟ್ಟುನಿಟ್ಟು: ಯಾರ ಪಾಲು ಬದಲಾಗುವುದಿದ್ದರೂ ಬದಲಾಗುವ ಮುಂಚೆ ಅವರ ಲೆಕ್ಕ ಚುಕ್ತಾ ಮಾಡಬೇಕು. ಸ್ಟೇಕ್ ಹೆಚ್ಚಿಸಿದ ಮೇಲೆ ಚುಕ್ತಾ ಮಾಡಿದರೆ ಹಳೆಯ ಅವಧಿಗೆ ಹೊಸ ಪಾಲಿನಂತೆ ಹಣ ಸಿಗುತ್ತದೆ, ಅದು ಬೇರೆಯವರ ಹಣ. ಸ್ಟೇಕ್‌ನ ರಸೀದಿ ಟೋಕನ್ ಒಬ್ಬರಿಂದೊಬ್ಬರಿಗೆ ವರ್ಗವಾಗುವಂತಿದ್ದರೆ ಕೊಟ್ಟವರು ಮತ್ತು ಪಡೆದವರು ಇಬ್ಬರ ಲೆಕ್ಕವೂ ವರ್ಗಾವಣೆಯ ಮುಂಚೆ ಚುಕ್ತಾ ಆಗಬೇಕು. ಸ್ಟೇಕ್ ಮತ್ತು ಅನ್‌ಸ್ಟೇಕ್‌ನಲ್ಲಿ ಸರಿಯಾಗಿ ಬರೆದವರೂ ವರ್ಗಾವಣೆಯಲ್ಲಿ ಮರೆಯುತ್ತಾರೆ.

ಇನ್ನು ದಶಮಾಂಶದ ವಿಷಯ. ಸೊಲಿಡಿಟಿಯಲ್ಲಿ 0.1 ಎಂಬುದಿಲ್ಲ, ಆದ್ದರಿಂದ ದೊಡ್ಡ ಅಂಕೆಯಿಂದ ಗುಣಿಸಿ ಇಡಬೇಕು. ಮಾಸ್ಟರ್‌ಶೆಫ್ ಬಳಸಿದ್ದು 10¹². ಅದನ್ನೇ ನಕಲು ಮಾಡಿ ಯುಎಸ್‌ಡಿಸಿ ಹಂಚಲು ಹೊರಟರೆ ಹೀಗಾಗುತ್ತದೆ: 18 ದಶಮಾಂಶದ ಹತ್ತು ಕೋಟಿ ಟೋಕನ್ ಸ್ಟೇಕ್ ಆಗಿದೆ ಎಂದರೆ ಒಟ್ಟು ಪಾಲು 10²⁶. ಒಂದು ಯುಎಸ್‌ಡಿಸಿ ಎಂದರೆ 10⁶. ಗುಣಿಸಿದರೆ 10¹⁸, ಅದನ್ನು 10²⁶ರಿಂದ ಭಾಗಿಸಿದರೆ ಸೊನ್ನೆ. ಹಣ ಬಂತು, ಸೂಚ್ಯಂಕ ಕದಲಲಿಲ್ಲ, ತಪ್ಪು ಸಂದೇಶವೂ ಇಲ್ಲ. 10³⁰ ಬಳಸಿದರೆ ಅದೇ ಲೆಕ್ಕ 10¹⁰ ಕೊಡುತ್ತದೆ, ಧಾರಾಳ. ತುಂಬಿ ಹರಿಯುವ ಭಯವೂ ಇಲ್ಲ: ನೂರು ಕೋಟಿ ಯುಎಸ್‌ಡಿಸಿ ಒಂದೇ ಒಂದು ಘಟಕ ಪಾಲಿಗೆ ಬಂದರೂ ಸೂಚ್ಯಂಕ 10⁴⁵, ಅದನ್ನು 10²⁶ ಪಾಲಿನಿಂದ ಗುಣಿಸಿದರೆ 10⁷¹. 256 ಬಿಟ್‌ನ ಮಿತಿ 10⁷⁷ರ ಆಚೆ ಇದೆ.

ಒಟ್ಟು ಪಾಲು ಸೊನ್ನೆ ಇದ್ದಾಗ ಶುಲ್ಕ ಬಂದರೆ? ಸೊನ್ನೆಯಿಂದ ಭಾಗಿಸಿ ಇಡೀ ಹಂಚಿಕೆ ನಿಲ್ಲುತ್ತದೆ. ‘ಮುಂದಿನ ಸಲಕ್ಕೆ ಸೇರಿಸೋಣ’ ಎಂದು ಬರೆದರೆ, ಮೊದಲು ಬಂದು ಒಂದು ಘಟಕ ಸ್ಟೇಕ್ ಮಾಡಿದವನು ಗಂಟನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಅಂಥ ಶುಲ್ಕ ನೇರ ಖಜಾನೆಗೆ ಹೋಗಲಿ.

ಹೆಜ್ಜೆ 5: ಒಮ್ಮೆಲೇ ಸುರಿಯದೆ ತೊಟ್ಟಿಕ್ಕಿಸುವುದು

ಶುಲ್ಕ ಬಂದ ಕ್ಷಣವೇ ಸೂಚ್ಯಂಕ ಒಮ್ಮೆಲೇ ಜಿಗಿದರೆ ಒಬ್ಬ ಚತುರ ಏನು ಮಾಡುತ್ತಾನೆ ಗೊತ್ತೆ? ಫ್ಲ್ಯಾಶ್ ಸಾಲ (ಅದೇ ವಹಿವಾಟಿನಲ್ಲಿ ತೀರಿಸಬೇಕಾದ, ಒತ್ತೆಯಿಲ್ಲದ ಸಾಲ) ತಂದು ಸ್ಟೇಕ್ ಮಾಡಿ, ಹಂಚಿಕೆಯ ಫಂಕ್ಷನ್ ತಾನೇ ಕರೆದು, ಪಾಲು ಎತ್ತಿ, ಅನ್‌ಸ್ಟೇಕ್ ಮಾಡಿ, ಸಾಲ ತೀರಿಸುತ್ತಾನೆ. ಎಲ್ಲವೂ ಒಂದೇ ವಹಿವಾಟಿನಲ್ಲಿ. ವಾರವಿಡೀ ಸ್ಟೇಕ್ ಇಟ್ಟವರಿಗೆ ಚೂರುಪಾರು.

ಪರಿಹಾರ, ಬಂದ ಮೊತ್ತವನ್ನು ಏಳು ದಿನಗಳಿಗೆ, ಅಂದರೆ 6,04,800 ಸೆಕೆಂಡುಗಳಿಗೆ ಹರಡುವುದು. ಮೊತ್ತವನ್ನು ಸೆಕೆಂಡುಗಳಿಂದ ಭಾಗಿಸಿದರೆ ದರ ಸಿಗುತ್ತದೆ. ಸೂಚ್ಯಂಕ ದರ × ಕಳೆದ ಸೆಕೆಂಡುಗಳ ಪ್ರಕಾರ ಏರುತ್ತದೆ. ಅವಧಿಯ ನಡುವೆ ಹೊಸ ಶುಲ್ಕ ಬಂದರೆ ಉಳಿದದ್ದನ್ನೂ ಹೊಸದನ್ನೂ ಕೂಡಿಸಿ ಮತ್ತೆ ಏಳು ದಿನಕ್ಕೆ ಹರಡಿ.

ಈ ಭಾಗಾಕಾರದಲ್ಲೂ ಒಂದು ಗುಂಡಿ ಇದೆ. ಪ್ರತಿ ಸಲ 6,04,799 ಘಟಕದವರೆಗೆ ಶೇಷ ಬಿದ್ದುಹೋಗಬಹುದು. ಯುಎಸ್‌ಡಿಸಿಯಲ್ಲಿ ಅದು 0.60 ಡಾಲರ್ ಆಸುಪಾಸು, ಯಾರೂ ಅಳುವುದಿಲ್ಲ. ಡಬ್ಲ್ಯುಬಿಟಿಸಿಯಲ್ಲಿ ಅದೇ ಶೇಷ 0.006 ಬಿಟ್‌ಕಾಯಿನ್, ದಿನಕ್ಕೊಮ್ಮೆ ಹಂಚಿದರೆ ಕಣ್ಣಿಗೆ ರಾಚುವ ನಷ್ಟ. ದರವನ್ನೂ 10¹⁸ರಿಂದ ಗುಣಿಸಿ ಇಟ್ಟರೆ ಮುಗಿಯಿತು.

ಹೊಸ ಶುಲ್ಕ ಸೇರಿಸುವ ಫಂಕ್ಷನ್ ವಿಭಾಜಕಕ್ಕೆ ಮಾತ್ರ ತೆರೆದಿರಲಿ, ಕನಿಷ್ಠ ಮೊತ್ತವೂ ಇರಲಿ. ಇಲ್ಲದಿದ್ದರೆ ಯಾರೋ ಒಬ್ಬ ಗಂಟೆಗೊಮ್ಮೆ ಒಂದು ಘಟಕ ಸೇರಿಸುತ್ತಾ ಏಳು ದಿನದ ಗಡುವನ್ನು ಮುಂದೆ ಮುಂದೆ ತಳ್ಳುತ್ತಾನೆ, ದರ ಕ್ಷೀಣಿಸುತ್ತಲೇ ಹೋಗುತ್ತದೆ.

ಹೆಜ್ಜೆ 6: ಎತ್ತಿಕೊಳ್ಳುವುದು

ಅನುಕ್ರಮ ಹೀಗೇ ಇರಬೇಕು: ಚುಕ್ತಾ ಮಾಡು, ಬಾಕಿಯನ್ನು ಬೇರೆ ಚರಾಕ್ಷರಕ್ಕೆ ತೆಗೆದುಕೊ, ದಾಖಲೆಯಲ್ಲಿ ಸೊನ್ನೆ ಬರೆ, ಕೊನೆಗೆ ಹಣ ಕಳಿಸು. ಕಳಿಸಿದ ಮೇಲೆ ಸೊನ್ನೆ ಬರೆದರೆ, ಹಣ ಪಡೆಯುವ ಕಾಂಟ್ರ್ಯಾಕ್ಟ್ ನಡುವೆ ಮತ್ತೆ ಒಳನುಗ್ಗಿ ಅದೇ ಬಾಕಿಯನ್ನು ಎರಡು, ಮೂರು ಸಲ ಎತ್ತಬಹುದು. 2016ರ ಜೂನ್‌ನಲ್ಲಿ ‘ದಿ ಡಿಎಒ’ದಿಂದ ಸುಮಾರು 36 ಲಕ್ಷ ಈಥರ್ ಹೋದದ್ದು ಇದೇ ಬಾಗಿಲಿನಿಂದ. ಅನುಕ್ರಮ ಸರಿ ಇದ್ದರೂ ಮರುಪ್ರವೇಶ ತಡೆಯುವ ಬೀಗವನ್ನೂ ಹಾಕಿ.

ಅನ್‌ಸ್ಟೇಕ್ ಮಾಡುವಾಗ ಶುಲ್ಕವನ್ನೂ ಕಡ್ಡಾಯವಾಗಿ ಕಳಿಸುವಂತೆ ಬರೆಯಬೇಡಿ. ಶುಲ್ಕದ ಟೋಕನ್ ಯಾವುದೋ ಕಾರಣಕ್ಕೆ ಸಾಗದಿದ್ದರೆ ಜನರ ಅಸಲೂ ಒಳಗೇ ಉಳಿಯುತ್ತದೆ.

ಹೆಜ್ಜೆ 7: ಎಬ್ಬಿಸುವವರು ಯಾರು?

ಸ್ಮಾರ್ಟ್ ಕಾಂಟ್ರ್ಯಾಕ್ಟ್ ತಾನಾಗಿ ಏಳುವುದಿಲ್ಲ, ಹೊರಗಿನಿಂದ ಒಂದು ವಹಿವಾಟು ಬಂದು ತಟ್ಟಬೇಕು. ಚೈನ್‌ಲಿಂಕ್ ಆಟೊಮೇಷನ್‌ನಂಥ ಕೀಪರ್ ಸೇವೆಗಳಿರುವುದು ಇದಕ್ಕೇ. ನೀವು ಎರಡು ಫಂಕ್ಷನ್ ಬರೆಯುತ್ತೀರಿ. ಒಂದು, ‘ಈಗ ಕೆಲಸ ಇದೆಯೇ’ ಎಂದು ಹೇಳುವುದು. ಇದನ್ನು ಸೇವೆಯ ನೋಡ್‌ಗಳು ಸರಪಳಿಯ ಹೊರಗೆ ಓಡಿಸಿ ನೋಡುತ್ತವೆ, ಗ್ಯಾಸ್ ಇಲ್ಲ. ಇನ್ನೊಂದು, ಕೆಲಸ ಮಾಡುವುದು. ಷರತ್ತುಗಳನ್ನು ಎರಡನೆಯದರಲ್ಲೂ ಮತ್ತೆ ಪರೀಕ್ಷಿಸಿ, ಏಕೆಂದರೆ ನಡುವೆ ಸ್ಥಿತಿ ಬದಲಾಗಿರಬಹುದು.

ಷರತ್ತುಗಳು ಎರಡು: ಕೊನೆಯ ಹಂಚಿಕೆಯಿಂದ 24 ಗಂಟೆ ಕಳೆದಿರಬೇಕು, ಕೂಡಿದ ಶುಲ್ಕ ಮಿತಿ ದಾಟಿರಬೇಕು. ಮಿತಿಯನ್ನು ಗ್ಯಾಸ್ ಲೆಕ್ಕದಿಂದ ಪಡೆಯಿರಿ. ಒಂದು ಸುತ್ತಿಗೆ 2,50,000 ಗ್ಯಾಸ್, ದರ 20 ಗ್ವೇ (ಒಂದು ಗ್ವೇ ಈಥರ್‌ನ ನೂರು ಕೋಟಿಯಲ್ಲಿ ಒಂದು ಭಾಗ) ಎಂದರೆ ಖರ್ಚು 0.005 ಈಥರ್. ಖರ್ಚು ಮೊತ್ತದ 1% ಮೀರಬಾರದು ಎಂದಾದರೆ ಕನಿಷ್ಠ 0.5 ಈಥರ್ ಬೆಲೆಯ ಶುಲ್ಕ ಕೂಡಿರಬೇಕು. ಎಥೀರಿಯಂ ಮೇಲೆ ಕಟ್ಟಿದ ಎರಡನೇ ಪದರದ ಅಗ್ಗದ ಜಾಲಗಳಲ್ಲಿ ಈ ಅಂಕೆ ತೀರಾ ಕೆಳಗಿಳಿಯುತ್ತದೆ.

ಕೆಲವೊಮ್ಮೆ ಕೀಪರ್ ಖಾತೆಯಲ್ಲಿನ ಹಣ ಮುಗಿದು ಹಂಚಿಕೆ ಸದ್ದಿಲ್ಲದೆ ನಿಂತಿರುತ್ತದೆ. ಯಾರೂ ದಾಳಿ ಮಾಡಿರುವುದಿಲ್ಲ. ಆದ್ದರಿಂದ ಕೆಲಸದ ಫಂಕ್ಷನ್ ಯಾರು ಬೇಕಾದರೂ ಕರೆಯುವಂತೆ ತೆರೆದಿಡಿ, ಕರೆದವರಿಗೆ ಸಣ್ಣ ಭಕ್ಷೀಸು ಇಡಿ. 26 ಗಂಟೆ ಹಂಚಿಕೆಯ ಘಟನೆ ದಾಖಲಾಗದಿದ್ದರೆ ಎಚ್ಚರಿಕೆ ಬರುವಂತೆ ನಿಗಾ ಇಡಿ.

ಹೆಜ್ಜೆ 8: ಕೀಲಿಗಳು

ಪಾಲು ಬದಲಿಸುವುದು, ಒರಾಕಲ್ ಬದಲಿಸುವುದು, ವಿಳಾಸ ಬದಲಿಸುವುದು ಮಲ್ಟಿಸಿಗ್ (ಹಲವರ ಸಹಿ ಬೇಕಾದ ಖಾತೆ) ಮೂಲಕ, 48 ಗಂಟೆಯ ಟೈಮ್‌ಲಾಕ್ (ಕಡ್ಡಾಯ ಕಾಯುವ ಅವಧಿ) ದಾಟಿ ನಡೆಯಲಿ. ತುರ್ತು ನಿಲುಗಡೆಗೆ ಮಾತ್ರ ಟೈಮ್‌ಲಾಕ್ ಬೇಡ, ಆದರೆ ನಿಲುಗಡೆ ಹಂಚಿಕೆಯನ್ನಷ್ಟೇ ತಡೆಯಲಿ; ಅನ್‌ಸ್ಟೇಕ್ ಎಂದೂ ನಿಲ್ಲಬಾರದು. ‘ತಪ್ಪಿ ಬಂದ ಟೋಕನ್ ಹೊರತೆಗೆಯುವ’ ಫಂಕ್ಷನ್ ಬೇಕೇಬೇಕು ಎಂದಾದರೆ, ಸ್ಟೇಕ್ ಟೋಕನ್ ಮತ್ತು ಶುಲ್ಕದ ಟೋಕನ್ ಎರಡನ್ನೂ ಅದರಿಂದ ಹೊರಗಿಡಿ. ಇಲ್ಲವಾದರೆ ಅದು ಹಿಂಬಾಗಿಲು.

ಹೆಜ್ಜೆ 9: ಪರೀಕ್ಷೆ

ಒಂದೊಂದೇ ಫಂಕ್ಷನ್‌ನ ಪರೀಕ್ಷೆ ಇಲ್ಲಿ ಸಾಲದು, ತಪ್ಪುಗಳು ಅನುಕ್ರಮದಲ್ಲಿ ಅಡಗಿರುತ್ತವೆ. ಫೌಂಡ್ರಿಯಲ್ಲಿ ಸ್ಟೇಕ್, ಅನ್‌ಸ್ಟೇಕ್, ವರ್ಗಾವಣೆ, ಶುಲ್ಕ ಸೇರಿಕೆ, ಎತ್ತುವಿಕೆ, ಸಮಯ ಮುಂದೂಡಿಕೆ, ಇಷ್ಟನ್ನೂ ಯಾದೃಚ್ಛಿಕವಾಗಿ ಕರೆಯುವಂತೆ ಬಿಟ್ಟು, ಪ್ರತಿ ಹೆಜ್ಜೆಯ ನಂತರ ಇವು ನಿಜವೇ ನೋಡಿ: ಎಲ್ಲರ ಬಾಕಿ ಕೂಡಿದರೆ ಕಾಂಟ್ರ್ಯಾಕ್ಟ್‌ನಲ್ಲಿರುವ ಹಣಕ್ಕಿಂತ ಹೆಚ್ಚಾಗಬಾರದು, ಸೇರುವ ಮುಂಚಿನ ಶುಲ್ಕದಲ್ಲಿ ಯಾರಿಗೂ ಪಾಲಿರಬಾರದು, ಎಲ್ಲರೂ ಹೊರಬಿದ್ದ ಮೇಲೆ ಉಳಿದ ಧೂಳು ಬೆರಳೆಣಿಕೆಯ ಘಟಕಗಳಷ್ಟೇ ಇರಬೇಕು. ಕೊನೆಯದಕ್ಕೆ ಸಡಿಲಿಕೆ ಕೊಡುವಾಗ ಒಂದೇ ಕಡೆಗೆ ಕೊಡಿ. ಒಂದು ಘಟಕ ಕಡಿಮೆ ಸಿಕ್ಕರೆ ಪರವಾಗಿಲ್ಲ, ಒಂದು ಘಟಕ ಹೆಚ್ಚು ಸಿಕ್ಕರೆ ಅದು ದೋಷ. ಕೊನೆಯವರು ಎತ್ತಲು ಬಂದಾಗ ಹಣ ಸಾಲದೆ ನಿಲ್ಲುವುದು ಆ ಒಂದು ಘಟಕಕ್ಕೇ.

ಇಂಥ ಯಾದೃಚ್ಛಿಕ (ಫಝ್) ಪರೀಕ್ಷೆಗೆ ಫೌಂಡ್ರಿ ತಾನಾಗಿ ಓಡಿಸುವುದು 256 ಸಲ. ಇದನ್ನು 10,000ಕ್ಕೆ ಏರಿಸಿ. ಅಣಕು ಟೋಕನ್ ಅಷ್ಟೇ ಅಲ್ಲದೆ ಮುಖ್ಯಜಾಲದ ನಕಲಿನ ಮೇಲೆ ನಿಜವಾದ ಯುಎಸ್‌ಡಿಟಿ, ಯುಎಸ್‌ಡಿಸಿ ಇಟ್ಟೂ ಓಡಿಸಿ.

ಹೆಜ್ಜೆ 10: ಏರಿಸುವುದು, ಮತ್ತು ಒಂದು ದಿನ ಬದಲಿಸುವುದು

ಮೊದಲು ಸೆಪೋಲಿಯಾ ಪರೀಕ್ಷಾಜಾಲದಲ್ಲಿ ಕನಿಷ್ಠ ಎರಡು ಪೂರ್ತಿ ಅವಧಿ, ಅಂದರೆ 14 ದಿನ ಓಡಲಿ. ಒಂದೇ ಅವಧಿ ನೋಡಿದರೆ ಹಳೆಯ ಉಳಿಕೆ ಹೊಸದಕ್ಕೆ ಸೇರುವ ಜಾಗ ಕಣ್ಣಿಗೇ ಬೀಳುವುದಿಲ್ಲ. ಮುಖ್ಯಜಾಲಕ್ಕೆ ಏರಿಸಿದ ದಿನವೇ ಮೂಲ ಕೋಡ್ ಇಥರ್‌ಸ್ಕ್ಯಾನ್ ತಾಣದಲ್ಲಿ ದೃಢೀಕರಿಸಿ, ಒಡೆತನವನ್ನು ಎರಡು ಹಂತದ ವಿಧಾನದಲ್ಲಿ ಮಲ್ಟಿಸಿಗ್‌ಗೆ ಒಪ್ಪಿಸಿ. ಹೊಸ ಒಡೆಯ ಒಪ್ಪಿಕೊಂಡ ಮೇಲೆಯೇ ವರ್ಗವಾಗುವುದರಿಂದ ತಪ್ಪು ವಿಳಾಸಕ್ಕೆ ಕೀಲಿ ಹೋಗುವ ಭಯವಿಲ್ಲ. ಮೊದಲ ತಿಂಗಳು ಸ್ಟೇಕ್‌ಗೆ ಒಂದು ಗರಿಷ್ಠ ಮಿತಿ ಇಡಿ.

ಮುಂದೆ ಹೊಸ ಭಂಡಾರ ಬರೆದಾಗ ಹಳೆಯದರ ಬಾಕಿಗಳನ್ನು ಸಾಗಿಸುವ ಸಾಹಸ ಬೇಡ. ವಿಭಾಜಕ ಹಣ ಕಳಿಸುವ ವಿಳಾಸವನ್ನು ಹೊಸದಕ್ಕೆ ತಿರುಗಿಸಿ. ಹಳೆಯದರಲ್ಲಿ ನಡೆಯುತ್ತಿರುವ ಏಳು ದಿನದ ಹರಿವು ತಾನಾಗಿ ಮುಗಿಯಲಿ, ಎತ್ತಿಕೊಳ್ಳುವ ಬಾಗಿಲು ಗಡುವಿಲ್ಲದೆ ತೆರೆದಿರಲಿ. ಎರಡು ವರ್ಷ ಬಿಟ್ಟು ಬರುವವರೂ ಇರುತ್ತಾರೆ.